ಒಂದು ಪತ್ತೇದಾರಿ ಕಾದಂಬರಿ ಕೇಳುವ ಪ್ರಶ್ನೆ

(ಸಂಸ್ಥೆಯ ಮಹಿಳಾ ಕಾಲೇಜಿನ ವಾಚನ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ವಾಚನ ಕೂಟದ ಕಾರ್ಯದರ್ಶಿ ನನ್ನನ್ನು ಆಹ್ವಾನಿಸಲು ಬಂದಾಗ, 'ಸರ್, ಯಾವುದಾದರೂ ಒಂದು ಪುಸ್ತಕದ ಬಗ್ಗೆ ಮಾತಾಡಿ' ಎಂದಷ್ಟೇ ಹೇಳಿದ್ದರು. ನಾನು ಪತ್ತೇದಾರಿ ಕಾದಂಬರಿಯೊಂದನ್ನು ಆರಿಸಿಕೊಂಡಿದ್ದೇನೆ ಎಂದು ತಿಳಿದ ಮೇಲೆ ಅವರ ಮುಖದಲ್ಲಿ ಸ್ವಲ್ಪ ಗಾಬರಿ ಕಂಡಿತು. ಹಿರಿಯರೊಬ್ಬರು ಫೋನ್ ಮಾಡಿ, 'ನಮ್ಮ ಹೆಣ್ಮಕ್ಕಳಿಗೆ ಕೊಲೆ, ಸುಲಿಗೆಯ ಕತೆ ಯಾಕೆ ಮಾಸ್ಟ್ರೇ?' ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡಲು ಇವತ್ತಿನ ಮಾತು ಮುಗಿಯುವ ತನಕ ಸಮಯ ಕೊಡಿ ಎಂದು ಕೇಳಿಕೊಂಡೆ. ಅವರು ಈಗ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ನನ್ನ ವಯಸ್ಸಿನವರೆಲ್ಲ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಕನ್ನಡ ಓದುವ ರುಚಿ ಹತ್ತಿಸಿಕೊಂಡವರು. ಪಠ್ಯಪುಸ್ತಕದೊಳಗೆ ಇಟ್ಟು ಓದಿದ್ದೇವೆ, ಏಟೂ ತಿಂದಿದ್ದೇವೆ. ಆ ಕತೆಗಳಲ್ಲಿ ಪತ್ತೇದಾರ ಒಬ್ಬಂಟಿ ಸಾಹಸಿ. ಅವನಿಗೆ ಮೇಲಧಿಕಾರಿಯ ಕಾಟವಿಲ್ಲ, ಕಡತವಿಲ್ಲ, ರಜೆಯ ಅರ್ಜಿಯಿಲ್ಲ. ಇಂಗ್ಲಿಷಿನಲ್ಲೂ ಷೆರ್ಲಾಕ್ ಹೋಮ್ಸ್‌ನ ಕಾಲದಿಂದ ಬಹುಕಾಲ ಹೀಗೆಯೇ ನಡೆಯಿತು. ಎರಡನೇ ಮಹಾಯುದ್ಧದ ನಂತರ ಇನ್ನೊಂದು ಬಗೆಯ ಕಾದಂಬರಿ ಬೆಳೆಯಿತು. ಅದರಲ್ಲಿ ನಾಯಕ ಎಂದರೆ ಒಂದು ಪೊಲೀಸ್ ಠಾಣೆ. ಸಂಬಳಕ್ಕೆ ದುಡಿಯುವ, ದಣಿಯುವ, ಒಬ್ಬರ ಮೇಲೊಬ್ಬರು ಅಸೂಯೆ ಪಡುವ ಹತ್ತಾರು ಜನ ಸೇರಿ, ಕಾನೂನಿನ ಕಟ್ಟುಪಾಡಿನೊಳಗೆ, ದಿನವಿಡೀ ಬಾಗಿಲು ತಟ್ಟಿ, ಹೇಳಿಕೆ ಬರೆದುಕೊಂಡು, ಕಡತ ತಾಳೆ ಹಾಕಿ ಅಪರಾಧಿಯನ್ನು ಹಿಡಿಯುವುದು ಇಂತಹ ಕತೆಗಳ ಜೀವಾಳ. ಜಾನ್ ಕ್ರೀಸಿ ಎಂಬ ಲೇಖಕ ಜೆ.ಜೆ. ಮ್ಯಾರಿಕ್ ಎಂಬ ಗುಪ್ತನಾಮದಲ್ಲಿ 1955ರಿಂದ ಬರೆದ ಗಿಡಿಯನ್ ಕಾದಂಬರಿಗಳು ಬ್ರಿಟನ್ನಿನಲ್ಲಿ ಈ ಬಗೆಗೆ ದಾರಿ ಹಾಕಿದವು. ಮಹಿಳಾ ಪೊಲೀಸ್ ಅಧಿಕಾರಿಯನ್ನೇ ನಾಯಕಿಯಾಗಿಸಿ ಜೆನ್ನಿ ಮೆಲ್ವಿಲ್ ಎಂಬ ಹೆಸರಿನಲ್ಲಿ ಗ್ವೆಂಡೊಲಿನ್ ಬಟ್ಲರ್ 1962ರಲ್ಲೇ ಬರೆಯತೊಡಗಿದ್ದರು. ಆದರೆ ಜಗತ್ತು ನೆನಪಿಟ್ಟುಕೊಂಡ ಹೆಸರು ಜೇನ್ ಟೆನಿಸನ್. ಲಿಂಡಾ ಲಾ ಪ್ಲಾಂಟ್ ಎಂಬ ಲೇಖಕಿಯ 'ಪ್ರೈಮ್ ಸಸ್ಪೆಕ್ಟ್' ಎಂಬ ಕೃತಿಯ ನಾಯಕಿ. ನಮ್ಮ ಭಾಷೆಯಲ್ಲಿ 'ಮುಖ್ಯ ಶಂಕಿತ' ಎನ್ನಬಹುದು.

1991ರ ಏಪ್ರಿಲ್‌ನಲ್ಲಿ ಇದು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಎರಡು ರಾತ್ರಿಗಳ ನಾಟಕವಾಗಿ ಪ್ರಸಾರವಾಯಿತು. ಅದೇ ವರ್ಷ ಕಾದಂಬರಿಯಾಗಿಯೂ ಬಂತು. ಎರಡನ್ನೂ ಬರೆದವರು ಲಾ ಪ್ಲಾಂಟ್ ಅವರೇ. ಮೊದಲು ನಟಿಯಾಗಿದ್ದವರು, ಆಮೇಲೆ ಲೇಖಕಿಯಾದವರು. ತೆರೆಯ ಮೇಲೆ ಟೆನಿಸನ್ ಪಾತ್ರ ಮಾಡಿದವರು ಹೆಲೆನ್ ಮಿರೆನ್.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಒರಟು ಪುಸ್ತಕ. ಬೈಗುಳ, ಸಿಗರೇಟು, ಮದ್ಯ, ಹೆಣ್ಣಿನ ಮೇಲಿನ ಕ್ರೌರ್ಯ ಎಲ್ಲವೂ ಇದೆ. ನಾಯಕಿಯ ಬದುಕಿನ ರೀತಿ ನಮ್ಮದಲ್ಲ. ಎಲ್ಲರೂ ಓದಲೇಬೇಕೆಂದು ನಾನು ಹೇಳುವುದಿಲ್ಲ. ಓದದವರಿಗೂ ಅದರಲ್ಲಿರುವ ವಿಷಯ ತಲುಪಬೇಕೆಂದೇ ಈ ಮಾತು.

ಕತೆ ಹೀಗಿದೆ. ಲಂಡನ್ನಿನ ಒಂದು ಬಾಡಿಗೆ ಕೋಣೆಯಲ್ಲಿ ಯುವತಿಯೊಬ್ಬಳ ಶವ ಸಿಗುತ್ತದೆ. ಗುರುತು ಹತ್ತದಷ್ಟು ಹೊಡೆದಿದ್ದಾರೆ. ಕೋಣೆ ಬಾಡಿಗೆಗೆ ಹಿಡಿದಿದ್ದವಳು ಡೆಲ್ಲಾ ಮೋರ್ನೆ, ಬೀದಿಯಲ್ಲಿ ಮೈಮಾರಿ ಬದುಕುತ್ತಿದ್ದವಳು. ಹಾಗಾದರೆ ಸತ್ತವಳೂ ಡೆಲ್ಲಾಳೇ ಎಂದು ತನಿಖಾಧಿಕಾರಿ ಜಾನ್ ಷೆಫರ್ಡ್ ತೀರ್ಮಾನಿಸುತ್ತಾನೆ. ಒಳ್ಳೆಯ ಹೆಸರಿರುವ, ಸಿಬ್ಬಂದಿಗೆಲ್ಲ ಅಚ್ಚುಮೆಚ್ಚಿನ ಅಧಿಕಾರಿ. ರಕ್ತ ಪರೀಕ್ಷೆಯ ಸುಳಿವು ಹಿಡಿದು ಜಾರ್ಜ್ ಮಾರ್ಲೋ ಎಂಬವನನ್ನು ಕರೆತರುತ್ತಾರೆ. ಹಿಂದೆ ಹೆಣ್ಣಿನ ಮೇಲೆ ಕೈಮಾಡಿ ಜೈಲಿಗೆ ಹೋಗಿ ಬಂದವನು. ಸತ್ತವಳು 'ಅಂಥವಳು', ಸಿಕ್ಕವನು 'ಅಂಥವನು', ಎಲ್ಲವೂ ಸರಿಹೊಂದಿತು. ಆದಷ್ಟು ಬೇಗ ಆರೋಪ ಹೊರಿಸುವ ಅವಸರದಲ್ಲಿರುವಾಗಲೇ ಷೆಫರ್ಡ್ ಹೃದಯಾಘಾತದಿಂದ ಕುಸಿದು ಸಾಯುತ್ತಾನೆ.

ಆ ಠಾಣೆಯಲ್ಲಿ ಅದೇ ದರ್ಜೆಯ ಇನ್ನೊಬ್ಬ ಅಧಿಕಾರಿ ಇದ್ದಾಳೆ. ಜೇನ್ ಟೆನಿಸನ್, ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್. ಇಷ್ಟು ಕಾಲವೂ ಕೊಲೆ ಪ್ರಕರಣವೊಂದನ್ನೂ ಅವಳಿಗೆ ಕೊಟ್ಟಿಲ್ಲ. ಮೇಜಿನ ಕೆಲಸವೇ ಅವಳ ಪಾಲಿಗೆ. ಈಗ ಅವಳಾಗಿಯೇ ಹೋಗಿ, ಈ ಪ್ರಕರಣ ನನಗೆ ಕೊಡಿ ಎಂದು ಕೇಳುತ್ತಾಳೆ. ಬೇರೆ ದಾರಿಯಿಲ್ಲದೆ ಕೊಡುತ್ತಾರೆ. ಷೆಫರ್ಡ್‌ನ ಬಲಗೈಯಾಗಿದ್ದ ಸಾರ್ಜೆಂಟ್ ಬಿಲ್ ಓಟ್ಲಿ ಮೊದಲ ದಿನದಿಂದಲೇ ಅವಳ ಕಾಲೆಳೆಯುತ್ತಾನೆ. ಅವಳನ್ನು ಏನೆಂದು ಕರೆಯಬೇಕು ಎಂಬುದೂ ಅಲ್ಲಿ ಒಂದು ಸಮಸ್ಯೆ. 'ಮ್ಯಾಮ್' ಬೇಡ, ಗಂಡಸರನ್ನು ಕರೆಯುವ ಹಾಗೆಯೇ 'ಗವರ್ನರ್' ಎಂದೋ 'ಬಾಸ್' ಎಂದೋ ಕರೆಯಿರಿ ಎಂದು ಅವಳು ಹೇಳುತ್ತಾಳೆ. ನಮ್ಮ ಆಫೀಸುಗಳಲ್ಲಿ 'ಸರ್' ಅನ್ನುವಾಗಿನ ಬಾಗುವಿಕೆ 'ಮೇಡಂ' ಅನ್ನುವಾಗ ಎಷ್ಟಿರುತ್ತದೆ ಎಂದು ಗಮನಿಸಿದವರಿಗೆ ಇದು ಅರ್ಥವಾದೀತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಧಿಕಾರ ಸಿಕ್ಕ ಮೇಲೆ ಟೆನಿಸನ್ ಮಾಡುವ ಮೊದಲ ಕೆಲಸ ಏನು? ಅಪರಾಧಿಯ ಬೆನ್ನು ಹತ್ತುವುದಿಲ್ಲ. ಕಡತವನ್ನು ಮೊದಲ ಪುಟದಿಂದ ಓದುತ್ತಾಳೆ. ಸತ್ತವಳ ವಸ್ತುಗಳನ್ನು ನೋಡುತ್ತಾಳೆ. ಇವು ಡೆಲ್ಲಾಳ ಬದುಕಿಗೆ ಹೊಂದುವುದಿಲ್ಲವಲ್ಲ ಎಂದು ಅವಳಿಗೆ ಅನ್ನಿಸುತ್ತದೆ. ವಿಚಾರಿಸುತ್ತಾ ಹೋದರೆ, ಸತ್ತವಳು ಡೆಲ್ಲಾ ಅಲ್ಲವೇ ಅಲ್ಲ. ಕರೆನ್ ಹೋವರ್ಡ್ ಎಂಬ ಬೇರೆಯೇ ಹುಡುಗಿ, ಅನುಕೂಲಸ್ಥ ಮನೆಯವಳು. ಅವಳ ತಂದೆ ಸೇನೆಯಲ್ಲಿ ಮೇಜರ್ ಆಗಿದ್ದವನು. ಆ ತಂದೆಗೆ ಮಗಳ ಶವ ತೋರಿಸಿ ಗುರುತು ಹಿಡಿಸುವ ಭಾರವೂ ಟೆನಿಸನ್‌ಗೆ ಬರುತ್ತದೆ.

ಅಷ್ಟೊಂದು ಅನುಭವಿ ಗಂಡಸರು ಅಲ್ಲಿದ್ದರು. ಅವರಿಗೇಕೆ ಇದು ಕಾಣಲಿಲ್ಲ? ಅವರು ನೋಡಲಿಲ್ಲ, ಅಷ್ಟೇ. 'ಅವಳು ಅಂಥವಳು' ಎಂಬ ಒಂದು ಮಾತು ಬಂದ ಮೇಲೆ ಮತ್ತೆ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಇನ್ನೂ ಒಂದು ಸಂಗತಿ ಇದೆ. ಷೆಫರ್ಡ್‌ಗೆ ಡೆಲ್ಲಾಳ ಜೊತೆ ಗುಟ್ಟಾದ ನಂಟಿತ್ತು. ಸತ್ತ ಸಾಹೇಬನ ಮಾನ ಉಳಿಸಲು ಓಟ್ಲಿ ಡೆಲ್ಲಾಳ ಡೈರಿಯನ್ನೇ ಬಚ್ಚಿಡುತ್ತಾನೆ. ಗಂಡಸೊಬ್ಬನ ಮಾನಕ್ಕಾಗಿ ಸಾಕ್ಷ್ಯ ಮುಚ್ಚಿಡಬಹುದು, ಹೆಂಗಸೊಬ್ಬಳ ಹೆಸರನ್ನು ಮಾತ್ರ ಪರಿಶೀಲಿಸದೆ ಬರೆದುಬಿಡಬಹುದು! ಆಮೇಲೆ ನಿಜವಾದ ಡೆಲ್ಲಾಳ ಶವವೂ ಸಿಗುತ್ತದೆ. ಅವಳು ಸತ್ತದ್ದೇ ಯಾರಿಗೂ ಗೊತ್ತಿರಲಿಲ್ಲ. ಅವಳು ಕಾಣೆಯಾದಳೆಂದು ಹುಡುಕಿದವರೂ ಇರಲಿಲ್ಲ. ಕಾದಂಬರಿಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದೇ. ಕರೆನ್‌ಗೆ ಅಳಲು ಒಬ್ಬ ಮೇಜರ್ ತಂದೆ ಇದ್ದ.

ಇದು ಬರೀ ಕಲ್ಪನೆ ಎಂದುಕೊಳ್ಳಬೇಡಿ. ಈ ಕಾದಂಬರಿ ಓದಿದ ಬ್ರಿಟಿಷರಿಗೆಲ್ಲ ನೆನಪಿದ್ದ ಒಂದು ನಿಜ ಘಟನೆ ಇದೆ. 1975ರಿಂದ 1980ರವರೆಗೆ ಉತ್ತರ ಇಂಗ್ಲೆಂಡಿನಲ್ಲಿ ಪೀಟರ್ ಸಟ್‌ಕ್ಲಿಫ್ ಎಂಬ ಲಾರಿ ಚಾಲಕ 13 ಹೆಂಗಸರನ್ನು ಕೊಂದ. ಇನ್ನೂ 7 ಮಂದಿಯನ್ನು ಕೊಲ್ಲಲೆತ್ನಿಸಿದ್ದಕ್ಕೂ ಅವನಿಗೆ ಶಿಕ್ಷೆಯಾಯಿತು. ಪೊಲೀಸರು ಇವನು ಬೀದಿ ಹೆಂಗಸರನ್ನು ಮಾತ್ರ ಕೊಲ್ಲುವವನು ಎಂದು ಮನಸ್ಸಿನಲ್ಲಿ ಬರೆದುಕೊಂಡುಬಿಟ್ಟರು. ಆ ಲೆಕ್ಕಕ್ಕೆ ಹೊಂದದ, ಆದರೆ ಅವನ ಕೈಯಿಂದ ಬದುಕುಳಿದಿದ್ದ ಹೆಣ್ಣುಮಕ್ಕಳು ಹೇಳಿದ ಚಹರೆಯನ್ನು ಪಕ್ಕಕ್ಕಿಟ್ಟರು. 1977ರಲ್ಲಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ 16 ವರ್ಷದ ಹುಡುಗಿ ಕೊಲೆಯಾದಾಗ ಮಾತ್ರ ಊರು ಎಚ್ಚೆತ್ತಿತು. ಪತ್ರಿಕೆಗಳು ಅವಳನ್ನು 'ನಿರಪರಾಧಿ' ಬಲಿಪಶು ಎಂದು ಕರೆದವು. ಹಾಗಾದರೆ ಅವಳಿಗಿಂತ ಮೊದಲು ಸತ್ತವರು ಏನು ಅಪರಾಧ ಮಾಡಿದ್ದರು? ಅವರಿಗೂ ಮಕ್ಕಳಿದ್ದರು.

1979ರಲ್ಲಿ ತಾನೇ ಕೊಲೆಗಾರನೆಂದು ಹೇಳಿಕೊಂಡು ಯಾರೋ ಒಂದು ಧ್ವನಿಸುರುಳಿ ಕಳಿಸಿದ. ಆ ಧ್ವನಿಯಲ್ಲಿ ಈಶಾನ್ಯ ಇಂಗ್ಲೆಂಡಿನ ವೇರ್‌ಸೈಡ್ ಕಡೆಯ ಮಾತಿನ ಧಾಟಿ ಇತ್ತು. ಪೊಲೀಸರು ಅದನ್ನು ಪೂರ್ತಿ ನಂಬಿದರು. ಸಟ್‌ಕ್ಲಿಫ್ ಯಾರ್ಕ್‌ಷೈರಿನವನು, ಅವನ ಧಾಟಿ ಬೇರೆ. ಒಂಬತ್ತು ಬಾರಿ ಅವನನ್ನು ವಿಚಾರಿಸಿ ಬಿಟ್ಟರು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಲೀಡ್ಸ್ ಠಾಣೆಯ ಕೋಣೆಯಲ್ಲಿ ಮಾಹಿತಿ ಕಾರ್ಡುಗಳ ರಾಶಿ ಎಷ್ಟು ಬೆಳೆಯಿತೆಂದರೆ ಭಾರಕ್ಕೆ ನೆಲವನ್ನೇ ಬಲಪಡಿಸಬೇಕಾಯಿತು ಎನ್ನುತ್ತಾರೆ. ಒಂದೇ ಹೆಸರು ಆ ರಾಶಿಯ ಬೇರೆ ಬೇರೆ ಮೂಲೆಗಳಲ್ಲಿ ಬಿದ್ದಿದ್ದರೂ ಅವನ್ನು ಒಟ್ಟಿಗೆ ತರಲಾಗಲಿಲ್ಲ. ಕೊನೆಗೆ 1981ರ ಜನವರಿಯಲ್ಲಿ ಅವನು ಸಿಕ್ಕಿಬಿದ್ದದ್ದು ಕಾರಿಗೆ ಸುಳ್ಳು ನಂಬರ್ ಪ್ಲೇಟ್ ಹಾಕಿದ್ದಕ್ಕೆ, ಷೆಫೀಲ್ಡಿನಲ್ಲಿ. ಬಂಧನಕ್ಕೆ ಮುಂಚೆ ಮೂತ್ರಕ್ಕೆಂದು ಅವನು ಪಕ್ಕಕ್ಕೆ ಹೋಗಿದ್ದನ್ನು ನೆನಪಿಸಿಕೊಂಡ ಸಾರ್ಜೆಂಟ್ ಒಬ್ಬರು ಮರುದಿನ ಆ ಜಾಗಕ್ಕೆ ವಾಪಸ್ ಹೋಗಿ ನೋಡಿದರೆ ಸುತ್ತಿಗೆ, ಚಾಕು ಸಿಕ್ಕವು. ಇಷ್ಟು ದೊಡ್ಡ ತನಿಖೆಯಲ್ಲಿ ಕೈಹಿಡಿದದ್ದು ಮತ್ತೊಮ್ಮೆ ಹೋಗಿ ನೋಡಿದ ಒಬ್ಬ ಸಾಮಾನ್ಯ ಪೊಲೀಸಿನವನ ಬುದ್ಧಿ. ಸುಳ್ಳು ಧ್ವನಿ ಕಳಿಸಿದವನೂ ಡಿಎನ್‌ಎ ಪರೀಕ್ಷೆಯಿಂದ 2005ರಲ್ಲಿ ಸಿಕ್ಕ. ಮರುವರ್ಷ ಅವನಿಗೆ 8 ವರ್ಷ ಶಿಕ್ಷೆಯಾಯಿತು. 2020ರಲ್ಲಿ ಸಟ್‌ಕ್ಲಿಫ್ ಜೈಲುವಾಸದಲ್ಲಿದ್ದಾಗಲೇ ಸತ್ತ. ಆಗ ಪಶ್ಚಿಮ ಯಾರ್ಕ್‌ಷೈರ್ ಪೊಲೀಸ್ ಮುಖ್ಯಸ್ಥರು, ಹಿಂದಿನ ಅಧಿಕಾರಿಗಳು ಸತ್ತ ಹೆಂಗಸರ ಬಗ್ಗೆ ಬಳಸಿದ್ದ ಭಾಷೆಗಾಗಿ ಕುಟುಂಬದವರ ಕ್ಷಮೆ ಕೇಳಿದರು. ಆ ಕ್ಷಮೆಗೆ 40 ವರ್ಷ ಬೇಕಾಯಿತು.

ಮುಂದಿನ ಸಾಲಿನ ಹಿರಿಯರಿಗೆ ನನ್ನ ಉತ್ತರದ ಮೊದಲ ಭಾಗ ಇಲ್ಲಿದೆ. ಸೂರಾ ಅನ್ನೂರ್ ಓದಿದವರಿಗೆ ಗೊತ್ತು, ಶೀಲವಂತ ಹೆಣ್ಣಿನ ಮೇಲೆ ಅಪವಾದ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರಲಾಗದವನಿಗೆ 80 ಛಡಿಯೇಟಿನ ಶಿಕ್ಷೆಯಿದೆ. ಮುಂದೆ ಅವನ ಸಾಕ್ಷ್ಯವನ್ನೂ ಸ್ವೀಕರಿಸಬಾರದು. ಅಂದರೆ ರುಜುವಾತಿನ ಭಾರವೆಲ್ಲ ಮಾತಾಡಿದವನ ಮೇಲೆ. ಮುಮಿನರ ಮಾತೆ ಆಯಿಶಾರವರ (ರ) ಮೇಲೆಯೇ ಅಪವಾದ ಬಂದಾಗ ಮದೀನಾದಲ್ಲಿ ಎಷ್ಟು ಜನ ಬಾಯಿಗೆ ಬಾಯಿ ಸೇರಿಸಿದರು, ಆ ದಿನಗಳು ಅವರ ಮನೆಯಲ್ಲಿ ಹೇಗೆ ಕಳೆದವು ಎಂಬುದನ್ನು ನೀವೆಲ್ಲ ಮದ್ರಸದಲ್ಲೇ ಓದಿದ್ದೀರಿ. ಸೂರಾ ಅಲ್ ಹುಜುರಾತ್ ಸುದ್ದಿ ಬಂದಾಗ ಪರಿಶೀಲಿಸಲು ಹೇಳುತ್ತದೆ, ಗುಮಾನಿಯಿಂದ ದೂರವಿರಲು ಹೇಳುತ್ತದೆ. ಇಷ್ಟೆಲ್ಲ ಓದಿಯೂ ನಮ್ಮ ಮೊಹಲ್ಲಾದಲ್ಲಿ ಒಂದು ಹುಡುಗಿಗೆ ಅನಾಹುತವಾದರೆ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಅವಳು ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದಳು ಎಂಬುದು. ಇದು ಲಂಡನ್ನಿನ ಠಾಣೆಯ ಗಂಡಸರು ಕೇಳಿದ ಪ್ರಶ್ನೆಗಿಂತ ಯಾವ ರೀತಿಯಲ್ಲಿ ಬೇರೆ?

ಅದೇ ಸೂರಾದಲ್ಲಿ ಗೂಢಚರ್ಯೆ ಮಾಡಬಾರದು ಎಂದೂ ಇದೆಯಲ್ಲ, ಹಾಗಾದರೆ ಪತ್ತೇದಾರಿಯೇ ತಪ್ಪಲ್ಲವೇ ಎಂದು ಕಳೆದ ವಾರ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು. ಜಾಣ ಪ್ರಶ್ನೆ. ನನಗೆ ತಿಳಿದಷ್ಟು ಹೇಳುತ್ತೇನೆ, ಉಳಿದದ್ದನ್ನು ಉಲಮಾಗಳಿಗೆ ಬಿಡುತ್ತೇನೆ. ಪರರ ಗುಟ್ಟನ್ನು ಬಯಲಿಗೆಳೆಯುವ ಚಟ ಬೇರೆ, ಸತ್ತವರ ಹಕ್ಕನ್ನು ಕೊಡಿಸಲು ವಿಚಾರಿಸುವುದು ಬೇರೆ.

ಇನ್ನು ಕಾನೂನಿನ ವಿಷಯ. ನನಗೆ ಈ ಕಾದಂಬರಿಯಲ್ಲಿ ರುಚಿಸಿದ್ದು ಗಡಿಯಾರ. ಬ್ರಿಟನ್ನಿನಲ್ಲಿ 1984ರಲ್ಲಿ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ ಬಂತು. ಅದರ ಪ್ರಕಾರ ಆರೋಪ ಹೊರಿಸದೆ ಶಂಕಿತನನ್ನು ಠಾಣೆಯಲ್ಲಿ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಗಂಭೀರ ಪ್ರಕರಣವಾದರೆ ಸೂಪರಿಂಟೆಂಡೆಂಟ್ ಅಪ್ಪಣೆಯಿಂದ 36 ಗಂಟೆ. ಮತ್ತೂ ಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಕಾರಣ ಹೇಳಬೇಕು; ಒಟ್ಟು 96 ಗಂಟೆ ದಾಟುವಂತಿಲ್ಲ. ವಿಚಾರಣೆಯನ್ನು ಟೇಪ್ ಮಾಡಬೇಕು, ವಕೀಲರು ಪಕ್ಕದಲ್ಲಿರಬಹುದು. ಸತ್ತವಳ ಹೆಸರೇ ತಪ್ಪು ಎಂದು ತಿಳಿದ ಮೇಲೆ ಟೆನಿಸನ್ ಕೈಯಲ್ಲಿದ್ದ ಪ್ರಕರಣ ಬಿದ್ದುಹೋಗುತ್ತದೆ. ಮಾರ್ಲೋನನ್ನು ಅವಳು ಬಿಡಲೇಬೇಕಾಗುತ್ತದೆ. ಅವನೇ ಕೊಲೆಗಾರ ಎಂದು ಅವಳಿಗೆ ಅನ್ನಿಸಿದರೂ ಬಿಡುತ್ತಾಳೆ. ಅವಳ ಕೆಳಗಿನವರು ಹಲ್ಲು ಕಡಿಯುತ್ತಾರೆ, ಇವಳಿಂದಲೇ ಕೆಟ್ಟಿತು ಎನ್ನುತ್ತಾರೆ. ಆಮೇಲೆ ವಾರಗಟ್ಟಲೆ ಕಾವಲು, ಬೇರೆ ಊರುಗಳ ಹಳೆಯ ಕೊಲೆಗಳ ಕಡತ, ಅವನ ಜೊತೆ ಬಾಳುತ್ತಿದ್ದ ಹೆಂಗಸಿನ ವಿಚಾರಣೆ, ಕಾಣೆಯಾದ ಕಾರಿಗಾಗಿ ಹುಡುಕಾಟ, ಕೊನೆಗೆ ಒಂದು ಬಾಡಿಗೆ ಗ್ಯಾರೇಜು.

ಪೊಲೀಸರನ್ನು ಹೀಗೆ ಕಟ್ಟಿಹಾಕುವ ಕಾನೂನು ಯಾಕೆ ಬೇಕಾಯಿತು? 1972ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಕೊಲೆಯಲ್ಲಿ ಮೂವರು ಹುಡುಗರಿಂದ ಸುಳ್ಳು ತಪ್ಪೊಪ್ಪಿಗೆ ಬರೆಸಿಕೊಂಡದ್ದು ಬಯಲಾಗಿ, ಅದರಿಂದ ಎದ್ದ ಗದ್ದಲವೇ ಮುಂದೆ ಆಯೋಗವಾಗಿ, ಕಾಯ್ದೆಯಾಗಿ ಬೆಳೆಯಿತು. ಇನ್ನೊಂದು ಸಂಗತಿ ನಮಗೆ ಮತ್ತೂ ಹತ್ತಿರದ್ದು. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಬಾಂಬ್ ಸ್ಫೋಟಗಳ ನಂತರ ಆರು ಮಂದಿ ಐರಿಷರನ್ನು ಹಿಡಿದರು. ಹೊಡೆದು ಬಡಿದು ಪಡೆದ ತಪ್ಪೊಪ್ಪಿಗೆಗಳ ಮೇಲೆ 1975ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಐರಿಷರು, ಕ್ಯಾಥೊಲಿಕರು, ಅವರಲ್ಲಿ ಐವರು ಆ ಹೊತ್ತಿನಲ್ಲಿ ಆ ಊರಿನಿಂದ ರೈಲು ಹತ್ತಿದ್ದವರು. ಜನರಿಗೆ ಅಷ್ಟೇ ಸಾಕಾಗಿತ್ತು. ಅವರು ನಿರ್ದೋಷಿಗಳೆಂದು ನ್ಯಾಯಾಲಯ ಬಿಡುಗಡೆ ಮಾಡಿದ್ದು 1991ರ ಮಾರ್ಚ್ 14ರಂದು, 16 ವರ್ಷದ ಮೇಲೆ. 'ಪ್ರೈಮ್ ಸಸ್ಪೆಕ್ಟ್' ಪ್ರಸಾರವಾದದ್ದು ಅದಾಗಿ ನಾಲ್ಕು ವಾರಕ್ಕೂ ಮುಂಚೆ. ಆ ದಿನಗಳಲ್ಲಿ ಟಿ.ವಿ. ಮುಂದೆ ಕೂತವರಿಗೆ 'ಇವನೇ ಮಾಡಿದ್ದು' ಎಂಬ ಪೊಲೀಸರ ಮಾತಿನ ಬೆಲೆ ಏನೆಂದು ಗೊತ್ತಿತ್ತು. ಒಂದು ಸಮುದಾಯವೇ ಶಂಕಿತರ ಪಟ್ಟಿಯಲ್ಲಿರುವುದು ಹೇಗಿರುತ್ತದೆ ಎಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ.

ಇಲ್ಲಿ ಕಾನೂನು ಓದುವ ಹುಡುಗಿಯರಿಗಾಗಿ ಒಂದು ಮಾತು. ನಮ್ಮಲ್ಲಿ ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿತನನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಈ ನಿಯಮ ಉಳಿದಿದೆ. ಬ್ರಿಟನ್ನಿನಲ್ಲಿ ಹಾಗಲ್ಲ, ಬಲವಂತವಿಲ್ಲದೆ, ನಿಯಮದಂತೆ ದಾಖಲಾದ ತಪ್ಪೊಪ್ಪಿಗೆ ಅಲ್ಲಿ ಸಾಕ್ಷ್ಯವೇ. ಅಂದರೆ ಬ್ರಿಟಿಷರು ಇಲ್ಲಿನ ತಮ್ಮ ಪೊಲೀಸರನ್ನು ನಂಬದೆ ನಮಗೆ ಒಂದು ನಿಯಮ ಮಾಡಿಕೊಟ್ಟರು, ಅಲ್ಲಿನ ತಮ್ಮ ಪೊಲೀಸರನ್ನು ನಂಬಿ ತಮಗೆ ಆ ನಿಯಮ ಬೇಡವೆಂದರು. ಅದರ ಬೆಲೆಯನ್ನು ಆರು ಮಂದಿ ಐರಿಷರು ತೆತ್ತರು. ನಮ್ಮಲ್ಲಿ ನಿಯಮ ಪುಸ್ತಕದಲ್ಲಿದೆ. ಲಾಕಪ್ಪಿನಲ್ಲಿ ಎಷ್ಟಿದೆ ಎಂಬುದು ಬೇರೆ ಭಾಷಣದ ವಿಷಯ.

ಟೆನಿಸನ್ ಪಾತ್ರದ ಹಿಂದೆ ನಿಜವಾದ ಒಬ್ಬ ಮಹಿಳೆ ಇದ್ದಾರೆ. ಜ್ಯಾಕಿ ಮಾಲ್ಟನ್. ಲಂಡನ್ ಪೊಲೀಸಿನಲ್ಲಿ ಆ ದರ್ಜೆಗೇರಿದ್ದ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬರು. ಲಾ ಪ್ಲಾಂಟ್ ಅವರನ್ನು ಕಂಡು, ಠಾಣೆಯೊಳಗಿನ ಬದುಕನ್ನು ಕೇಳಿ ತಿಳಿದುಕೊಂಡರು. ಜೊತೆಯವರ ಭ್ರಷ್ಟಾಚಾರವನ್ನು ವರದಿ ಮಾಡಿದ್ದಕ್ಕೆ ಮಾಲ್ಟನ್ ಸಹೋದ್ಯೋಗಿಗಳಿಂದ ಬಹಿಷ್ಕಾರ ಅನುಭವಿಸಿದವರು. 2022ರಲ್ಲಿ ಅವರ ಆತ್ಮಕಥನವೂ ಬಂದಿದೆ. ಅವರಿಗಿಂತ ಹಿಂದಿನ ಇತಿಹಾಸವೂ ಇದೆ. 1919ರಲ್ಲಿ ಲಂಡನ್ ಪೊಲೀಸಿಗೆ ಹೆಂಗಸರು ಬಂದರೂ ದಶಕಗಳ ಕಾಲ ಅವರದ್ದು ಪ್ರತ್ಯೇಕ ವಿಭಾಗ. ಮಕ್ಕಳು, ಹೆಂಗಸರ ಪ್ರಕರಣಗಳಷ್ಟೇ ಅವರಿಗೆ. ಕೈಚೀಲವೊಂದನ್ನು ಕೊಟ್ಟು, ಅದರಲ್ಲಿ ಹಿಡಿಸುವ ಪುಟ್ಟ ಲಾಠಿಯನ್ನೂ ಕೊಡುತ್ತಿದ್ದರು! ಆ ವಿಭಾಗವನ್ನು ಮುಖ್ಯ ದಳದೊಂದಿಗೆ ಸೇರಿಸಿದ್ದು 1973ರಲ್ಲಿ. ಲಾ ಪ್ಲಾಂಟ್ 2015ರಲ್ಲಿ ಬರೆದ 'ಟೆನಿಸನ್' ಕಾದಂಬರಿ ಅದೇ 1973ರ ಲಂಡನ್ನಿನಲ್ಲಿ, ಹೊಸದಾಗಿ ಸೇರಿದ ಯುವತಿ ಜೇನ್‌ಳಿಂದ ಆರಂಭವಾಗುತ್ತದೆ.

ಅದೇ 1973ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕರ್ಪಾಲ್ ಕೌರ್ ಸಂಧು 1971ರಲ್ಲಿ ಲಂಡನ್ ಪೊಲೀಸ್ ಸೇರಿದರು. ಬ್ರಿಟನ್ನಿನಲ್ಲಿ ಏಷ್ಯಾ ಮೂಲದ ಮೊದಲ ಮಹಿಳಾ ಪೊಲೀಸ್. ಹುಟ್ಟಿದ್ದು ಝಾಂಝಿಬಾರಿನಲ್ಲಿ. ಅವರ ಕೆಲಸ ಮನೆಯಲ್ಲಿ ಗಂಡನಿಗೆ ಸಹ್ಯವಾಗಲಿಲ್ಲ. 1973ರ ನವೆಂಬರ್‌ನಲ್ಲಿ ಅವನೇ ಅವರನ್ನು ಕೊಂದ. ಟೆನಿಸನ್‌ಗೆ ಎದುರಾದದ್ದು ಠಾಣೆಯ ಗಂಡಸರು. ಈ ಹೆಣ್ಣುಮಗಳಿಗೆ ಮನೆಯೇ ಎದುರಾಯಿತು. ಲಂಡನ್ ಪೊಲೀಸರು 2001ರಲ್ಲಿ ಹಿಜಾಬನ್ನು ಸಮವಸ್ತ್ರದ ಭಾಗವಾಗಿ ಒಪ್ಪಿದರು, ಸ್ಕಾಟ್ಲೆಂಡ್ ಪೊಲೀಸರು 2016ರಲ್ಲಿ ಒಪ್ಪಿದರು. ಇದನ್ನು ಹೇಳಿದಾಗ ಈಗ ನೀವು ಚಪ್ಪಾಳೆ ತಟ್ಟಿದಿರಿ, ಸಂತೋಷ. ಆದರೆ ಸಮವಸ್ತ್ರ ಒಪ್ಪಿಕೊಂಡರೂ ಮನೆ ಒಪ್ಪಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಕೂತ ತಂದೆ ತಾಯಂದಿರಿಗೆ ಬಿಟ್ಟದ್ದು. ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಅರ್ಜಿ ತುಂಬಿ, ಕೊನೆಯ ದಿನ ಮನೆಯವರ ಮಾತಿಗೆ ಕಟ್ಟುಬಿದ್ದು ಹರಿದು ಹಾಕಿದ ವಿದ್ಯಾರ್ಥಿನಿಯನ್ನು ನಾನು ಬಲ್ಲೆ.

ಕಾದಂಬರಿಯಲ್ಲೂ ಮನೆಯ ದೃಶ್ಯವೊಂದಿದೆ. ಟೆನಿಸನ್ ಜೊತೆ ಬಾಳುತ್ತಿದ್ದ ಪೀಟರ್ ತನ್ನ ವ್ಯಾಪಾರದ ಅತಿಥಿಗಳಿಗೆ ಊಟ ಇಟ್ಟುಕೊಂಡಿದ್ದಾನೆ. ಅಡುಗೆ ಮಾಡುತ್ತೇನೆಂದು ಒಪ್ಪಿದ್ದ ಅವಳು ತನಿಖೆಯಲ್ಲಿ ಸಿಕ್ಕಿ ಸಮಯಕ್ಕೆ ಬರಲಾಗುವುದಿಲ್ಲ. ಅವನು ಅವಳನ್ನು ಬಿಟ್ಟುಹೋಗುತ್ತಾನೆ. ಲೇಖಕಿ ಇಲ್ಲಿ ಯಾರ ಪರವನ್ನೂ ವಹಿಸುವುದಿಲ್ಲ. ಷೆಫರ್ಡ್ ಹಗಲಿರುಳು ಠಾಣೆಯಲ್ಲಿದ್ದಾಗ ಅದು ಕರ್ತವ್ಯನಿಷ್ಠೆ ಎನ್ನಿಸಿಕೊಂಡಿತ್ತು ಎಂಬುದನ್ನು ಮಾತ್ರ ಓದುಗ ಮರೆಯುವಂತಿಲ್ಲ. ಹಾಗೆಂದು ಮನೆಯನ್ನು ಕಳೆದುಕೊಳ್ಳುವುದೇ ಹೆಣ್ಣಿನ ಯಶಸ್ಸಿಗೆ ತೆರಬೇಕಾದ ಬೆಲೆ ಎಂದು ನಾನು ಒಪ್ಪುವುದಿಲ್ಲ. ಪಾತ್ರೆ ತೊಳೆಯಲು ಗಂಡಸರಿಗೂ ಎರಡು ಕೈಗಳಿವೆ.

ಇಷ್ಟು ಹೇಳಿ, ಹೆಣ್ಣೊಬ್ಬಳು ಕುರ್ಚಿಯಲ್ಲಿ ಕೂತರೆ ಎಲ್ಲವೂ ನೆಟ್ಟಗಾಗುತ್ತದೆ ಎಂದು ಮುಗಿಸಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. 2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾದವು, 21ರಂದು ಮತ್ತೊಂದು ವಿಫಲ ಯತ್ನ ನಡೆಯಿತು. ಮರುದಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಪೊಲೀಸರು ಜೀನ್ ಚಾರ್ಲ್ಸ್ ಡಿ ಮೆನೆಜಸ್ ಎಂಬ ಬ್ರೆಜಿಲಿನ ಎಲೆಕ್ಟ್ರಿಷಿಯನ್ ಒಬ್ಬನನ್ನು ಬಾಂಬರ್ ಎಂದು ತಪ್ಪು ತಿಳಿದು ಗುಂಡಿಟ್ಟು ಕೊಂದರು. ಅವನ ಹೆಸರನ್ನು ಮತ್ತೊಮ್ಮೆ ತಾಳೆ ನೋಡುವವರು ಅಲ್ಲಿರಲಿಲ್ಲ. ಆ ಕಾರ್ಯಾಚರಣೆಯ ಹೊಣೆ ಹೊತ್ತಿದ್ದವರು ಕ್ರೆಸಿಡಾ ಡಿಕ್ ಎಂಬ ಮಹಿಳಾ ಅಧಿಕಾರಿ. 2007ರಲ್ಲಿ ಇಲಾಖೆಗೆ ದಂಡ ಬಿತ್ತು. ವೈಯಕ್ತಿಕವಾಗಿ ಅವರ ತಪ್ಪಿಲ್ಲ ಎಂದು ಜ್ಯೂರಿ ಹೇಳಿತು. 2017ರಲ್ಲಿ ಅವರು ಲಂಡನ್ ಪೊಲೀಸಿನ ಮೊದಲ ಮಹಿಳಾ ಕಮಿಷನರ್ ಆದರು. ಅವರ ಅವಧಿಯಲ್ಲೇ, 2021ರಲ್ಲಿ, ಸೇವೆಯಲ್ಲಿದ್ದ ಪೊಲೀಸನೊಬ್ಬ ತನ್ನ ಅಧಿಕಾರ ತೋರಿಸಿ ದಾರಿಯಲ್ಲಿ ಹೋಗುತ್ತಿದ್ದ ಸಾರಾ ಎವರಾರ್ಡ್ ಎಂಬ ಯುವತಿಯನ್ನು ಅಪಹರಿಸಿ ಕೊಂದ. 2022ರಲ್ಲಿ ಡಿಕ್ ಹುದ್ದೆ ಬಿಟ್ಟರು. ಲಂಡನ್ ಪೊಲೀಸ್ ವ್ಯವಸ್ಥೆಯಲ್ಲೇ ಹೆಣ್ಣಿನ ಬಗ್ಗೆ ತಾತ್ಸಾರ ಬೇರೂರಿದೆ, ಜನಾಂಗ ದ್ವೇಷ ಬೇರೂರಿದೆ ಎಂದು 2023ರಲ್ಲಿ ಲೂಯಿಸ್ ಕೇಸಿ ಅವರ ಪರಿಶೀಲನಾ ವರದಿ ಹೇಳಿತು. ಟೆನಿಸನ್ ಕತೆ ಬಂದು 32 ವರ್ಷಗಳಾದ ಮೇಲೆ!

ಲಾ ಪ್ಲಾಂಟ್ ಬರೆಯದ, ಆದರೆ ಅದೇ ಮಾಲೆಯಲ್ಲಿ 2003ರಲ್ಲಿ ಬಂದ 'ದಿ ಲಾಸ್ಟ್ ವಿಟ್ನೆಸ್' ಎಂಬ ಟಿ.ವಿ. ಕತೆಯನ್ನೂ ಹೆಸರಿಸಲೇಬೇಕು. ಅದರಲ್ಲಿ ಲಂಡನ್ನಿನಲ್ಲಿ ಕೊಲೆಯಾಗುವವಳು ಬೋಸ್ನಿಯಾದ ಮುಸ್ಲಿಂ ನಿರಾಶ್ರಿತೆ, ಸಮೀರಾ. ಅವಳಿಗೂ ಅವಳ ತಂಗಿಗೂ ಯುದ್ಧದ ದಿನಗಳಲ್ಲಿ ಆದದ್ದನ್ನು ಹೇಳಬಲ್ಲವರು ಯಾರೂ ಉಳಿಯಬಾರದು ಎಂದು ಬಯಸುವವನೊಬ್ಬ ಅದೇ ನಗರದಲ್ಲಿ ಮರೆಯಾಗಿ ಬದುಕುತ್ತಿದ್ದಾನೆ. ಇಷ್ಟು ಹೊತ್ತಿಗೆ ಟೆನಿಸನ್‌ಗೆ ನಿವೃತ್ತಿಯ ವಯಸ್ಸು; ಮೇಲಿನವರು ಹೋಗು ಹೋಗು ಎನ್ನುತ್ತಿದ್ದಾರೆ. ಅವಳು ಬೋಸ್ನಿಯಾಕ್ಕೇ ಹೋಗಿ ವಿಚಾರಿಸಿ ಬರುತ್ತಾಳೆ. ಕಾಗದಪತ್ರವಿಲ್ಲದ, ಭಾಷೆ ಬಾರದ, ಯಾರಿಗೂ ಬೇಡವಾದ ಒಂದು ಹುಡುಗಿಯ ಹೆಸರಿಗಾಗಿ.

ಮತ್ತೆ ಮೊದಲ ಕಾದಂಬರಿಗೆ ಬಂದು ಮುಗಿಸುತ್ತೇನೆ. ಕೊನೆಗೆ ಮಾರ್ಲೋ ತಪ್ಪೊಪ್ಪಿಕೊಳ್ಳುತ್ತಾನೆ. ಅಷ್ಟು ಕಾಲ ಅವಳ ವಿರುದ್ಧ ಪಿಸುಗುಟ್ಟುತ್ತಿದ್ದ ಗಂಡಸರೆಲ್ಲ ಸೇರಿ ಹಾಡಿ ಕುಣಿದು ಅವಳನ್ನು ಅಭಿನಂದಿಸುತ್ತಾರೆ. ಓದುಗನಿಗೂ ಹಗುರವಾಗುತ್ತದೆ. ಬಳಿಕ ನ್ಯಾಯಾಲಯದ ದೃಶ್ಯ ಬರುತ್ತದೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದಿ, ಏನು ಹೇಳುತ್ತೀಯೆಂದು ಕೇಳಿದಾಗ ಮಾರ್ಲೋ ನಾನು ನಿರ್ದೋಷಿ ಎನ್ನುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅವನು ಸುಳ್ಳು ಹೇಳುತ್ತಿದ್ದಾನೆಯೇ? ನನಗೆ ಹಾಗನ್ನಿಸುತ್ತದೆ. ಆದರೆ ನನಗೆ ಹಾಗನ್ನಿಸುವುದು ಸಾಕ್ಷ್ಯವಲ್ಲ. ಇನ್ನು ವಿಚಾರಣೆ ನಡೆಯಬೇಕು.

ಪ್ರಶ್ನೆಗಳಿದ್ದರೆ ಕೇಳಿ. ಮುಂದಿನ ಸಾಲಿನಿಂದಲೇ ಶುರುವಾಗಲಿ.